ಪಟ್ಟಿಯ ಮೇಲೆ ನಾನು ಹಾಕಿದ ಗುರುತುಗಳು

ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಪೆನ್ನು ಕೊಟ್ಟು, "ಅಕ್ಕಾರ, ನೀವು ಹೇಳಿದ್ದ ಖರೇ" ಎಂದವರು ಈ ಐವತ್ತು ವರ್ಷಗಳಲ್ಲಿ ಒಬ್ಬರೇ. ಅವರು ನಮ್ಮ ಓಣಿಯ ಕಿರಾಣಿ ಅಂಗಡಿಯವರು. ಎಮ್ಮೆಲ್ಲೆ ಚುನಾವಣೆ ಬಂದಿತ್ತು. ಒಂದು ಪಕ್ಷದ ಪರವಾಗಿ ಅವರು ನಮ್ಮ ಬೂತಿನ ಕೆಲಸ ಹಿಡಿದಿದ್ದರು. ಆ ದಿನ ನನ್ನ ಎದೆ ಹೊಡೆದುಕೊಂಡ ಹಾಗೆ ಮದುವೆಯ ದಿನವೂ ಹೊಡೆದುಕೊಂಡಿರಲಿಲ್ಲ. ಆ ಹಿಗ್ಗಿನಲ್ಲೇ ನಾನು ಸ್ವಂತ ತಮ್ಮನಿಗೆ ದ್ರೋಹ ಮಾಡಿದೆ. ಅದನ್ನು ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರೆದದ್ದನ್ನು ತಮ್ಮನ ಮಗಳು ತಿದ್ದುತ್ತಾಳೆ. ಮಾತು ಮಾತ್ರ ತಿದ್ದಬೇಡ, ಕಾಗುಣಿತ ಅಷ್ಟೇ ತಿದ್ದು ಎಂದು ಹೇಳಿದ್ದೇನೆ.

ನಾವಿರುವುದು ಕೊಪ್ಪಳಕ್ಕೆ ಅಂಟಿದ ಭಾಗ್ಯನಗರದಲ್ಲಿ. ಹುಟ್ಟಿದ್ದು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ. ನಾಲ್ಕನೇ ಇಯತ್ತೆ ಮುಗಿದ ವಾರವೇ ಅಪ್ಪ ಶಾಲೆ ಬಿಡಿಸಿ, ಇನ್ನೂ ವರ್ಷ ತುಂಬದ ತಮ್ಮನನ್ನು ನನ್ನ ಸೊಂಟಕ್ಕೆ ಏರಿಸಿದ. ಅವ್ವ ಕೂಲಿಗೆ ಹೋಗಬೇಕಿತ್ತು. ತಮ್ಮ ನನ್ನ ಸೊಂಟದ ಮೇಲೆಯೇ ಮಾತು ಕಲಿತ. ಅವನು ಮೊದಲು ಆಡಿದ ಮಾತು "ಅಕ್ಕಾ" ಎಂದು ನಾನು ಇವತ್ತಿಗೂ ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ. ಅವ್ವ ಇದ್ದಾಗ ಮಾತ್ರ, "ಅಲ್ಲವ, ಅದು 'ಹಾಲು' ಅಂತಿತ್ತು" ಎಂದು ತಕರಾರು ತೆಗೆಯುತ್ತಿದ್ದಳು.

ಅಪ್ಪನ ಕಾಲಕ್ಕೇ ನಮ್ಮ ಮನೆಯವರು ಯೇಸುವನ್ನು ಪ್ರಾರ್ಥಿಸುವವರು. ಮನೆಯಲ್ಲಿ ಕರೆಯುವ ಹೆಸರು ಬೈಬಲ್ಲಿನದು. ಶಾಲೆಯ ದಾಖಲೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಓಟಿನ ಚೀಟಿಯಲ್ಲಿ ಇರುವುದು ಊರ ದೇವರ ಹೆಸರು. ನಮ್ಮಂಥ ಮನೆಗಳಲ್ಲಿ ಇದು ಹೊಸದಲ್ಲ. ಜಾತಿ ಸರ್ಟಿಫಿಕೇಟು ಕೈತಪ್ಪಿದರೆ ಮಕ್ಕಳ ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ಹೋಗುತ್ತವೆ ಎಂಬ ಭಯ. ಹಾಗಾಗಿ ಕಾಗದ ನೋಡಿ ನಾವು ಯಾರೆಂದು ಹೇಳಲು ಯಾರಿಗೂ ಆಗುವುದಿಲ್ಲ. ಹತ್ತಿರದವರಿಗೆ ಮಾತ್ರ ಗೊತ್ತು. ನನ್ನನ್ನು ಕೊಟ್ಟದ್ದು ಹಿಂದೂ ಮನೆಗೆ. ಗಂಡನ ಮನೆಯಲ್ಲಿ ದೀಪ ಹಚ್ಚುತ್ತೇನೆ. ಭಾನುವಾರ ತಮ್ಮನ ಮನೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಚಹಾ ಕಾಯಿಸುತ್ತೇನೆ. ಎರಡೂ ಕಡೆ ನನ್ನನ್ನು ಯಾರೂ ಬೈದಿಲ್ಲ.

ತಮ್ಮ ಗೌಂಡಿ. ಮಂದಿಯ ಮನೆ ಕಟ್ಟಿ ಬಿಡುವಾದ ದಿನಗಳಲ್ಲಿ ತನ್ನ ಮನೆಯ ಹಿಂದೆ ತಾನೇ ಒಂದು ಕೋಣೆ ಎಬ್ಬಿಸಿದ. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು. ಗಂಗಾವತಿಯಿಂದ ಪಾಸ್ಟರು ಬೈಕಿನ ಮೇಲೆ ಬರುತ್ತಿದ್ದರು. ಹದಿನಾಲ್ಕು ಮನೆಯವರು ಕೂಡುತ್ತಿದ್ದರು. ಡೋಲಕ್ ಇತ್ತು, ತಾಳ ಇತ್ತು, ತಗಡಿನ ಕೆಳಗೆ ಹಾಡು ಎಬ್ಬಿಸಿದರೆ ಎರಡು ಓಣಿ ಆಚೆ ಕೇಳುತ್ತಿತ್ತು.

ಮತಾಂತರದ ಕಾಯ್ದೆ ಬಂದ ಮೇಲೆ ಡೋಲಕ್ ಅಟ್ಟಕ್ಕೆ ಹೋಯಿತು. ಕಾಯ್ದೆಯಲ್ಲಿ ಏನು ಬರೆದಿದೆ ಎಂದು ಪೂರಾ ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದನ್ನು ತೆಗೆಯುತ್ತಾರೆ ಎಂದು ಒಬ್ಬರು, ತೆಗೆಯಲು ಬಿಡುವುದಿಲ್ಲ ಎಂದು ಇನ್ನೊಬ್ಬರು ಬಡಿದಾಡುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದೆವು. ನಮಗೆ ಮುಟ್ಟಿದ್ದು ಇಷ್ಟೇ: ಭಾನುವಾರ ಬಾಗಿಲು ಹಾಕಿಕೊಳ್ಳುವುದು, ಚಪ್ಪಲಿಗಳನ್ನು ಒಳಗೆ ಇಡುವುದು, ಹಾಡನ್ನು ಗಂಟಲಿನಲ್ಲೇ ಹಿಡಿದು ಹಾಡುವುದು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನು ಕದ್ದು ಮಾಡುವ ಹಾಗಾಯಿತು.

ಚುನಾವಣೆ ಬಂತಲ್ಲ, ತಮ್ಮನಿಗೆ ಒಂದು ಹುಮ್ಮಸ್ಸು ಹತ್ತಿತು. ಒಂದು ಭಾನುವಾರ ಪ್ರಾರ್ಥನೆ ಮುಗಿದದ್ದೇ ಎದ್ದು ನಿಂತ.

"ಓಟು ಕೇಳಾಕ ಎಲ್ಲಾರೂ ಓಣಿಗೆ ಬರ್ತಾರ. ಬಂದವ್ರಿಗೆಲ್ಲಾ ಒಂದ ಪ್ರಶ್ನಿ ಕೇಳೋಣು. ನಮ್ಮ ಮನ್ಯಾಗ ನಾವು ಹಾಡು ಹಾಡಾಕ ಯಾರ ಅಪ್ಪಣಿ ಬೇಕ್ರಿ ಅಂತ. ಅವ್ರೇನು ಅಂತಾರ ನೋಡಿ ಓಟು ಹಾಕೋಣು."

ಕೋಣೆಯಲ್ಲಿ ಗದ್ದಲವಾಯಿತು. ಕೆಟಲು ನನ್ನ ಕೈಯಲ್ಲೇ ಉಳಿಯಿತು. ಎಲ್ಲರೂ ಆಯಿ ಎಂದು ಕರೆಯುವ ಮುದುಕಿಯೊಬ್ಬಳಿದ್ದಾಳೆ. ಆಕೆ ಮೊದಲು ಬಾಯಿ ತೆಗೆದಳು.

"ಗಟಾರ ಕೇಳ್ರೋ. ಗಟಾರ ಕೇಳಿದ್ರ ನಿನ್ನ ದೇವರು ಯಾರು ಅಂತ ಯಾರೂ ಕೇಳಂಗಿಲ್ಲ."

"ಗಟಾರ ಎಲ್ಲಾರೂ ಕೇಳ್ತಾರ ಆಯಿ. ಇದನ್ನ ನಾವು ಕೇಳಲಿಲ್ಲಂದ್ರ ಮತ್ಯಾರು ಕೇಳ್ತಾರ?"

"ಕೇಳಿದ್ರ ನಾವು ಯಾರಂತ ಗೊತ್ತಾಕೈತಲ್ಲೋ, ಹುಚ್ಚಪ್ಪಾ!"

"ಗೊತ್ತಾಗ್ಲಿ."

"ನಿಂಗೇನು, ಗೌಂಡಿ ಅದಿ. ಗ್ವಾಡಿಗೆ ಜಾತಿ ಇಲ್ಲ. ನನ್ನ ಮೊಮ್ಮಗ ಹಾಸ್ಟೆಲ್‌ನ್ಯಾಗ ಅದಾನ."

ಎಲ್ಲರೂ ನಕ್ಕರು, ಆದರೆ ಮಾತು ಹಗುರಾಗಲಿಲ್ಲ. ಆ ವರ್ಷವೇ ಗಂಗಾವತಿ ಕಡೆಯ ಸಿದ್ದಾಪುರದಿಂದ ಬಂದು ನಮ್ಮ ಓಣಿಯಲ್ಲಿ ಬಾಡಿಗೆಗೆ ಇದ್ದ, ಮೂರು ಗಾಲಿಯ ಟಂಟಂ ಓಡಿಸುವವರೊಬ್ಬರಿದ್ದರು. ಭತ್ತದ ಸೀಮೆಯವರು, ಮಾತಿನಲ್ಲಿ ಚೂರು ತೆಲುಗು ಬೆರೆಯುತ್ತಿತ್ತು. ಅವರು ಹಿಂದಿನ ಸಾಲಿನಿಂದ, "ಕೇಳೋಣ ಬಾಬು, ನಾ ನಿಂತ್ಕೊಂತೀನಿ" ಎಂದರು. ಹೊಸಬನಿಗೆ ಏನು ಹೋಗುತ್ತದೆ ಎಂದು ಒಂದಿಬ್ಬರು ಗೊಣಗಿದರು.

ಕೊನೆಗೆ ತಮ್ಮ ಒಂದು ಮಾತು ಹೇಳಿದ. ಅದನ್ನು ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ, ಕೇಳಿಸಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

"ಯಾರಿಗೆ ಮನಸ್ಸೈತಿ ಅವ್ರಷ್ಟ ನಿಲ್ರಿ. ಒಬ್ರ ಹೆಸರು ಇನ್ನೊಬ್ರು ಹೇಳಬ್ಯಾಡ್ರಿ. ತಾ ಯಾರಂತ ತಾನ ಹೇಳಬೇಕು."

ಹೇಳುವಾಗ ಅವನ ಮುಖ ಕೆಂಪಾಗಿತ್ತು. ನನ್ನ ಸೊಂಟದ ಮೇಲೆ ಕೂತು ಮೂಗು ಸುರಿಸುತ್ತಿದ್ದವನು ಇವನೇನಾ ಎಂದು ನನಗೆ ಹೆಮ್ಮೆ ಎನಿಸಿತು. ಹೆಮ್ಮೆಪಟ್ಟು, ಚಹಾ ಹಂಚಿ, ಮನೆಗೆ ಬಂದೆ.

ಮೂರನೆಯ ದಿನ ಅಂಗಡಿಯವರು ಕರೆದರು.

ನಮ್ಮೂರಿನ ಕೆಲಸ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಭಾಗ್ಯನಗರದಲ್ಲಿ ಹೆಂಗಸರು ಕೂದಲು ಬಿಡಿಸುತ್ತೇವೆ. ಎಲ್ಲೆಲ್ಲಿಯದೋ ಗಂಟುಗಟ್ಟಿದ ಕೂದಲು ಚೀಲಗಳಲ್ಲಿ ಬರುತ್ತದೆ. ಅದನ್ನು ಎಳೆ ಎಳೆಯಾಗಿ ಬಿಡಿಸಿ, ಉದ್ದ ಗಿಡ್ಡ ಬೇರೆ ಮಾಡಿ ಕೊಡಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಇಪ್ಪತ್ತು ಹೆಂಗಸರು ದಿನವಿಡೀ ಕೂತರೆ ಯಾರ ಮನೆಯ ಯಾವ ಸುದ್ದಿಯೂ ಉಳಿಯುವುದಿಲ್ಲ. ಅದಕ್ಕೇ ಅಂಗಡಿಯವರು ನನ್ನನ್ನು ಕರೆದದ್ದು.

ಒಳಗೆ, ಬೆಲ್ಲದ ಪೆಂಟಿಗಳ ನಡುವೆ, ಒಂದು ಕುರ್ಚಿ ಹಾಕಿದ್ದರು. ಮುಂದೆ ಮತದಾರರ ಪಟ್ಟಿ: ಸಣ್ಣ ಸಣ್ಣ ಚೌಕದಲ್ಲಿ ನಮ್ಮೆಲ್ಲರ ಮುಖ, ಹೆಸರು, ಮನೆ ನಂಬರು. ನನ್ನ ಮುಖ ಕಂಡು ನನಗೇ ನಗು ಬಂತು.

"ಅಕ್ಕಾರ, ಯಾರ ಮನಿ ಮುಂದ ಏನು ಮಾತಾಡಬೇಕು ಅಂತ ನಮಗ ಗೊತ್ತಿರಬೇಕಲ್ರಿ. ಅದಕ್ಕ ಇದು. ಹೆಸರು ನೋಡಿ ನನಗ ತಿಳಿಯವಲ್ದು. ನೀವ ಹೇಳ್ರಿ."

ಹೆಸರುಗಳ ಮುಂದೆ ಹಾಕಲು ಅವರು ಬೇರೆ ಬೇರೆ ಗುರುತು ಹೇಳಿಕೊಟ್ಟರು. ಯಾರು ಯಾವ ಜಾತಿ, ಯಾರು ಈ ಕಡೆ, ಯಾರು ಆ ಕಡೆ. ಪ್ರಾರ್ಥನೆಗೆ ಹೋಗುವವರಿಗೆ ಒಂದು ಗುಣಾಕಾರದ ಗುರುತು. ಪೆನ್ನು ನನ್ನ ಕೈಗೇ ಕೊಟ್ಟರು. ಚಹಾ ತರಿಸಿದರು. ನಾನು ಹಾಳೆ ತಿರುವುತ್ತಾ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ, ಗುರುತು ಹಾಕುತ್ತಾ ಹೋದೆ. ಶಾಲೆ ಬಿಟ್ಟ ಮೇಲೆ ನಾನು ಅಷ್ಟು ಹೊತ್ತು ಕಾಗದದ ಮುಂದೆ ಕೂತದ್ದು ಅದೇ ಮೊದಲು. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಉಬ್ಬಿಹೋಗಿದ್ದೆ. ತಮ್ಮನ ಹೆಸರು ಬಂತು, ಹಾಕಿದೆ. ಆಯಿಯ ಹೆಸರು ಬಂತು, ಹಾಕಿದೆ.

ಒಂದು ಹೆಸರಿಗೆ ಮಾತ್ರ ಕೈ ನಿಂತಿತು. ಕೂದಲಿನ ಕೆಲಸದಲ್ಲಿ ನನ್ನ ಮಗ್ಗುಲಲ್ಲಿ ಕೂರುವ ಸೊಸೆ ಹುಡುಗಿ. ಕುಷ್ಟಗಿ ಕಡೆಯ ತವರು, ಅಲ್ಲಿ ಮನೆಮಂದಿಯೆಲ್ಲ ಪ್ರಾರ್ಥನೆಯವರು. ಗಂಡನ ಮನೆಯಲ್ಲಿ ಅದು ಗೊತ್ತಿರಲಿಲ್ಲ. ಭಾನುವಾರ, "ಅಕ್ಕಾರ ಮನಿಗೆ ಸಂಡಗಿ ಹಾಕಾಕ ಹೊಂಟೀನ್ರಿ" ಎಂದು ಅತ್ತೆಗೆ ಹೇಳಿ ತಮ್ಮನ ಕೋಣೆಗೆ ಬರುತ್ತಿದ್ದಳು. ವರ್ಷವಿಡೀ ನಮ್ಮ ಮನೆಯಲ್ಲಿ ಸಂಡಗಿ ಹಾಕುತ್ತಿದ್ದೆವು ಎಂದು ಅವಳ ಅತ್ತೆ ನಂಬಿದ್ದರು. ಈ ಗುಟ್ಟು ಹೊರಗಿನವರ ಪೈಕಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಪೆನ್ನು ನಿಂತದ್ದನ್ನು ಅಂಗಡಿಯವರು ನೋಡಿದರು.

"ಯಾಕ್ರಿ ಅಕ್ಕಾರ? ನಿಮಗ ಗೊತ್ತಿಲ್ಲದ ಮನೀನೂ ಈ ಓಣ್ಯಾಗ ಐತೇನ್ರಿ?"

ಅವರು ನಗುತ್ತಲೇ ಕೇಳಿದ್ದು. ಗೊತ್ತಿಲ್ಲ ಎಂದುಬಿಡಲು ನನ್ನಿಂದ ಆಗಲಿಲ್ಲ. ಗುರುತು ಹಾಕಿದೆ. ಎರಡನೆಯ ಕಪ್ ಚಹಾ ಬಂತು.

ಮನೆಗೆ ಹೋಗುವಾಗ ತಮ್ಮನ ಮಾತು ನೆನಪಾಯಿತು. ಒಬ್ಬರ ಹೆಸರು ಇನ್ನೊಬ್ಬರು ಹೇಳಬೇಡಿ. ನಾನು ಬಾಯಿಂದ ಹೇಳಿಲ್ಲವಲ್ಲ, ಬರೀ ಗುರುತು ಹಾಕಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನಸ್ಸು ಎಂಥೆಂಥ ಬಾಗಿಲು ತೆಗೆಯುತ್ತದೆ ನೋಡಿ.

ಮುಂದಿನ ಭಾನುವಾರ ಪ್ರಾರ್ಥನೆ ಅರ್ಧ ಆಗಿತ್ತು. ಬಾಗಿಲು ಬಡಿದರು. ಎಂಟು ಹತ್ತು ಹುಡುಗರು, ನಮ್ಮ ಓಣಿಯವರಲ್ಲ. ಮುಂದಿದ್ದವನ ಮೊಬೈಲಿನಲ್ಲಿ ಪಟ್ಟಿಯ ಫೋಟೋ. ಚಹಾದ ಒಲೆ ಬಿಟ್ಟು ಹತ್ತಿರ ಬಂದು ನೋಡಿದೆ, ನನ್ನವೇ ಗುರುತುಗಳು. ಪಟ್ಟಿ ಅಂಗಡಿಯಿಂದ ಅವರ ಕೈಗೆ ಹೇಗೆ ಹೋಯಿತು, ಅಂಗಡಿಯವರೇ ಕೊಟ್ಟರೋ ಬೇರೆ ಯಾರಾದರೂ ತೆಗೆದುಕೊಂಡರೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಎಲ್ಲಾರ ಹೆಸರೂ ಅದಾವು ಇಲ್ಲೆ. ಯಾರ್ ಯಾರ್ನ ಮತಾಂತರ ಮಾಡೀರಿ ಹೇಳ್ರಿ."

"ಯಾರ್ನೂ ಮಾಡಿಲ್ಲ," ಎಂದ ತಮ್ಮ. "ನಾ ಹುಟ್ಟಿದಾಗಿಂದ ಹಿಂಗ ಅದೀನಿ. ನನ್ನ ಯಾರು ಮಾಡಿದ್ರಂತ ನಮ್ಮಪ್ಪನ್ನ ಕೇಳಬೇಕು, ಅಂವ ಮಣ್ಣಾಗ ಅದಾನ."

ಅವರು ಹೆಸರು ಓದಲು ಹತ್ತಿದರು. ಕಾಗದದ ಹೆಸರುಗಳು. ಒಂದೊಂದು ಹೆಸರಿಗೂ ಕೋಣೆಯಲ್ಲಿ ಒಬ್ಬೊಬ್ಬರ ತಲೆ ತಗ್ಗುತ್ತಿತ್ತು. ಆ ಸೊಸೆ ಹುಡುಗಿಯ ಹೆಸರೂ ಬಂತು. ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದ ಅಲ್ಲ, ಬೈಯುವ ಹಾಗೆ ಅಲ್ಲ. ಇದು ಹೇಗಾಯಿತು ಎಂದು ಕೇಳುವ ಹಾಗೆ. ಯಾರೋ ಫೋನು ಮಾಡಿ ಅವಳ ಮೈದುನನನ್ನು ಕರೆಸಿದರು. ಅವನು ಬಂದು ಅವಳನ್ನು ಕರೆದುಕೊಂಡು ಹೋದ. ಆಮೇಲೆ ಪೊಲೀಸರೊಬ್ಬರು ಬಂದು ಹುಡುಗರನ್ನು ಕಳಿಸಿದರು, ನಮಗೂ ಹೇಳಿದರು: "ಎಲೆಕ್ಷನ್ ಮುಗಿಯೋ ತನಕ ಗುಂಪು ಕೂಡಬ್ಯಾಡ್ರಪಾ, ಸುಮ್ನ ಯಾಕ ಗದ್ದಲ." ಪಾಸ್ಟರು ಬೈಕು ತಿರುಗಿಸಿದರು. ಕೋಣೆಗೆ ತಮ್ಮ ಬೀಗ ಹಾಕಿದ.

ಹುಡುಗಿ ಸೋಮವಾರ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಹೊಸ್ತಿಲು ದಾಟಲು ಬಿಡುತ್ತಿಲ್ಲ ಎಂದು ಸುದ್ದಿ ಬಂತು.

ಹೆಸರು ಕೊಟ್ಟವರು ಯಾರು? ಎಲ್ಲರ ಬಾಯಲ್ಲಿ ಅದೇ. ಎರಡೇ ದಿನದಲ್ಲಿ ಒಬ್ಬರನ್ನು ಹುಡುಕಿಬಿಟ್ಟರು: ಸಿದ್ದಾಪುರದವರು. ಹೊಸಬರು, ಎಲ್ಲರ ಮನೆಗೂ ಟಂಟಂ ತಂದು ನಿಲ್ಲಿಸುವವರು, ಕೇಳೋಣ ಎಂದು ಮೊದಲು ಎದ್ದವರು. ಯಾರೂ ಮುಖದ ಮೇಲೆ ಹೇಳಲಿಲ್ಲ. ಅವರ ಗಾಡಿಗೆ ಸಾಮಾನು ಹಾಕುವುದನ್ನು ಬಿಟ್ಟರು, ಅಷ್ಟೇ. ಅವರ ಹೆಂಡತಿ ನೀರಿಗೆ ಬಂದರೆ ಮಾತು ನಿಲ್ಲುತ್ತಿತ್ತು. ನಾನೂ ಅಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದೆ. ನಾನೂ ಮಾತು ನಿಲ್ಲಿಸುತ್ತಿದ್ದೆ.

ಗುರುತು ಹಾಕಿದ್ದು ಉಬ್ಬಿನಲ್ಲಿ ಆದ ತಪ್ಪು ಎಂದು ಯಾರಾದರೂ ಕ್ಷಮಿಸಬಹುದು. ಈ ಸುಮ್ಮನಿದ್ದದ್ದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಮೊದಲ ಅಭ್ಯರ್ಥಿ ಓಣಿಗೆ ಬಂದ ದಿನ! ಅಂಗಡಿಯವರ ಪಕ್ಷದವರೇ. ಬೆಳಿಗ್ಗೆಯಿಂದ ಧ್ವಜ ಕಟ್ಟಿದ್ದೇ ಕಟ್ಟಿದ್ದು. ಹಲಗೆಯ ಬಡಿತ, ಪಟಾಕಿ, ಐವತ್ತು ಬೈಕು. ಓಣಿಯ ಬಾಯಲ್ಲಿ ಜೆಸಿಬಿ ನಿಲ್ಲಿಸಿ ಅದರ ಬಕೆಟ್ಟಿನಿಂದ ಹೂವು ಸುರಿದರು. ನಮ್ಮ ಓಣಿಯ ಮಕ್ಕಳಿಗೆ ಅಂಥ ಹಬ್ಬ ಮತ್ತೊಂದಿಲ್ಲ. ಆರತಿ ತಟ್ಟೆ ಹಿಡಿದ ಹೆಂಗಸರ ನಡುವೆ ನಾನೂ ನಿಂತಿದ್ದೆ. ಎದುರಿಗೆ ತಮ್ಮ, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ಕೋಣೆಗೆ ಬೀಗ ಬಿದ್ದರೂ ಅವನು ಪ್ರಶ್ನೆ ಬಿಟ್ಟಿರಲಿಲ್ಲ. ನಿಲ್ಲುತ್ತೇವೆ ಎಂದಿದ್ದವರು ಮಾತ್ರ ಒಬ್ಬೊಬ್ಬರಾಗಿ ಹಿಂದೆ ಸರಿದಿದ್ದರು.

"ಸರ, ಒಂದ ಪ್ರಶ್ನಿ ಐತ್ರಿ."

"ಕೇಳಪಾ."

"ನಮ್ಮ ಮನ್ಯಾಗ ನಾವು ದೇವರ ಹಾಡು ಹಾಡಾಕ ಯಾರ ಅಪ್ಪಣಿ ಬೇಕ್ರಿ?"

"ಹಾಡಪಾ, ಯಾರು ಬ್ಯಾಡಂದ್ರು? ನಮ್ಮವ್ವನೂ ದಿನಾ ಭಜನಿ ಮಾಡ್ತಾಳ."

"ಭಜನಿ ಅಲ್ರಿ. ಪ್ರಾರ್ಥನಿ. ಯೇಸುಸ್ವಾಮಿದು. ಕೋಣಿಗೆ ಕೀಲಿ ಹಾಕೀವ್ರಿ. ನೀವು ಗೆದ್ದು ಬಂದ್ರ ತೆಗೀಬಹುದೇನ್ರಿ?"

ಹಲಗೆಯವರು ತಾವಾಗಿಯೇ ನಿಲ್ಲಿಸಿದರು. ಅಭ್ಯರ್ಥಿ ಒಂದು ಗಳಿಗೆ ಅಂಗಡಿಯವರ ಕಡೆ ನೋಡಿ, ಮತ್ತೆ ನಗು ತಂದುಕೊಂಡರು.

"ಈ ಓಣ್ಯಾಗ ಅಂಥವ್ರು ಎಷ್ಟ ಮಂದಿ ಅದೀರಿ? ಕೈ ಎತ್ರಿ, ನೋಡೋಣು."

ಬೇರೆ ಒಂದು ಕೈಯೂ ಏಳಲಿಲ್ಲ. ತಮ್ಮನ ಕೈ ಒಂದೇ. ಅವನ ಕುತ್ತಿಗೆಯ ನರ ಎದ್ದದ್ದು ನನಗೆ ಕಾಣುತ್ತಿತ್ತು. ಆಮೇಲೆ ಹಿಂದೆ, ಟಂಟಂ ಪಕ್ಕದಲ್ಲಿ, ಇನ್ನೊಂದು ಕೈ ಎದ್ದಿತು. ಸಿದ್ದಾಪುರದವರದು.

ನನ್ನ ಮಗ್ಗುಲಿನವಳು ಗೊಣಗಿದಳು: "ನೋಡ, ಹೆಸರು ಕೊಟ್ಟಾಂವ ಹ್ಯಾಂಗ ಕೈ ಎತ್ಯಾನ. ನಾಚಿಕಿ ಇಲ್ಲದಾಂವ."

ನನಗೆ ತಡೆಯಲಾಗಲಿಲ್ಲ. ಆರತಿ ತಟ್ಟೆ ಹಿಡಿದುಕೊಂಡೇ ಕೂಗಿದೆ.

"ಅವರಲ್ಲ! ನಾನು! ಪಟ್ಟಿಗೆ ಗುರುತು ಹಾಕಿದಾಕಿ ನಾನ ಅದೀನಿ! ಈ ಅಂಗಡ್ಯಾಗ ಕುಂತು, ಚಾ ಕುಡಿದು ಹಾಕೀನಿ! ಕೇಳ್ರಿ ಅವ್ರನ್ನ!"

ಎಲ್ಲರೂ ತಿರುಗಿದರು. ಯಾವ ಪಟ್ಟಿ, ಯಾವ ಅಂಗಡಿ ಎಂದು ಹತ್ತು ಬಾಯಿ ಒಂದೇ ಸಲ. ಅಂಗಡಿಯವರು ಬೆವರು ಒರೆಸುತ್ತಾ, "ಏನಿಲ್ರಿ ಸರ, ಅಕ್ಕಾರಿಗೆ ಬಿಸಲು ಬಡದೈತಿ" ಎಂದರು. ಹಲಗೆಯವರಿಗೆ ಯಾರೋ ಕೈ ಸನ್ನೆ ಮಾಡಿದರು. ಹಲಗೆ ಎದ್ದಿತು, ಪಟಾಕಿ ಸಿಡಿಯಿತು, ಅಭ್ಯರ್ಥಿ ಎಲ್ಲರಿಗೂ ಕೈ ಮುಗಿಯುತ್ತಾ ಮುಂದಿನ ಓಣಿಗೆ ಹೋದರು.

ತಮ್ಮನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅವರು ಉತ್ತರ ಹೇಳಲೇಬೇಕಾದ ಗಳಿಗೆಯಲ್ಲಿ ಅವರನ್ನು ಬಿಡಿಸಿ ಕಳಿಸಿದವಳು ನಾನು. ತಪ್ಪು ಒಪ್ಪಿಕೊಳ್ಳುವುದರಲ್ಲೂ ನಾನು ನನ್ನನ್ನೇ ಮುಂದೆ ಮಾಡಿದ್ದೆ.

ಮಧ್ಯಾಹ್ನ ತಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಎಷ್ಟ ಮಂದೀದು ಹೇಳಿದಿ?"

"ಎಲ್ಲಾರ್ದೂ."

"ಆ ಹುಡುಗೀದೂ?"

"ಹೂಂ."

"ಚಾ ಎಷ್ಟ ಕಪ್ಪು ಕುಡಿಸಿದ್ರು?"

"ಎರಡು," ಎಂದೆ. ಹೇಳಿದ ಮೇಲೆ ಅವನು ಯಾಕೆ ಕೇಳಿದನೆಂದು ತಿಳಿಯಿತು.

ಅವನು ಉಗುರಿನ ಸಂದಿಯ ಸಿಮೆಂಟು ಕೆರೆದು ತೆಗೆದ. "ಅಕ್ಕಾ, ನೀ ದುಡ್ಡು ತಗೊಂಡಿ ಅಂದಿದ್ರ ನನಗ ಸಿಟ್ಟು ಬರ್ತಿತ್ತು. ಈಗ ಏನು ಬರಾಕತ್ತೈತಿ ನನಗ ತಿಳಿಯವಲ್ದು." ಹೋಗುವ ಮುಂಚೆ, "ಗುರುವಾರ ಇನ್ನೊಬ್ರು ಬರ್ತಾರ. ನಾ ಮತ್ತ ಕೇಳಾಂವ ಅದೀನಿ. ನೀ ಅವತ್ತ ಮನ್ಯಾಗ ಇರು. ಕೈ ಮುಗೀತೀನಿ, ಹೊರಗ ಬರಬ್ಯಾಡ" ಎಂದ.

ಅವತ್ತೇ ಸಿದ್ದಾಪುರದವರ ಮನೆಗೆ ಹೋದೆ. ಅವರ ಹೆಂಡತಿ ಕೂರು ಎನ್ನಲಿಲ್ಲ. ಅವರೇ ಒಳಗಿನಿಂದ ಬಂದು, "ಹೋಗ್ಲಿ ಬಿಡ್ರಿ ಅಕ್ಕಾರ. ಮೈಕ್ ಇಲ್ದನ ಇಡೀ ಓಣಿಗೆ ನನ್ನ ಹೆಸರು ತೊಳೆದು ಕೊಟ್ರಲ್ಲ" ಎಂದರು. ನಾನು ನಕ್ಕೆ. ಅವರ ಹೆಂಡತಿ ನಗಲಿಲ್ಲ. ಆಕೆ ನಗದೆ ಇದ್ದದ್ದು ನ್ಯಾಯವೇ.

ಗುರುವಾರ. ತಮ್ಮನ ಮಾತು ಕೇಳಿ ನಾನು ಮನೆಯಲ್ಲೇ ಇದ್ದೆ. ಆದರೆ ಕಿವಿಗೆ ಬೀಗ ಹಾಕಲು ಬರುತ್ತದೆಯೇ? ಬಾಗಿಲ ಸಂದಿಗೆ ಹತ್ತಿಕೊಂಡು ನಿಂತಿದ್ದೆ. ಮತ್ತೆ ಹಲಗೆ, ಮತ್ತೆ ಪಟಾಕಿ, ಬೇರೆ ಬಣ್ಣದ ಧ್ವಜ. ತಮ್ಮನ ದನಿ ಕೇಳಿಸಿತು, ಮೊದಲ ಸಲಕ್ಕಿಂತ ಗಟ್ಟಿಯಾಗಿ. ಆಮೇಲೆ ಗುಜುಗುಜು. ಅಷ್ಟರಲ್ಲಿ ತಮ್ಮನ ಮಗಳು ಓಡಿಬಂದು ಬಾಗಿಲು ತಳ್ಳಿದಳು. ನನ್ನ ಹಣೆಗೇ ಬಡಿಯಿತು.

"ಅತ್ತಿ, ಕೈ ಎತ್ಯಾರ! ಎಲ್ಲಾರೂ ಎತ್ಯಾರ! ಆಯಿನೂ ಎತ್ಯಾಳ!"

"ಆಯಿನಾ?"

"ಎರಡೂ ಕೈ ಎತ್ಯಾಳ!"

ನಾನು ಅವಳನ್ನು ಹಿಡಿದು ಕುಣಿದೆ. ಹಣೆ ಊದಿದ್ದು ಆಮೇಲೆ ಗೊತ್ತಾಯಿತು. ಹೊರಗೆ ಆ ಅಭ್ಯರ್ಥಿ ಹೇಳುತ್ತಿದ್ದರು: "ಯಾರ ಅಪ್ಪಣಿನೂ ಬ್ಯಾಡ. ನಿಮ್ಮ ಮನಿ, ನಿಮ್ಮ ಹಾಡು. ಇದನ್ನ ನಾ ಬೆಂಗಳೂರಿಗೆ ಒಯ್ತೀನಿ." ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಆಯಿಯ ದನಿ: "ಒಯ್ತೀನಿ ಅಂದಾನ. ತಿರುಗಿ ತರ್ತೀನಿ ಅಂದಿಲ್ಲ, ನೆಪ್ಪಿಡ್ರಿ."

ಹೇಗೂ ಪಟ್ಟಿಯಲ್ಲಿ ಇದ್ದೇವೆ, ಇನ್ನು ಮುಚ್ಚಿಡುವುದು ಏನನ್ನು ಎಂದು ಕೈ ಎತ್ತಿದೆವು ಎಂದು ಕೆಲವರು ಆಮೇಲೆ ಹೇಳಿದರು. ಹಾಗಾದರೆ ನನ್ನಿಂದ ಒಳ್ಳೆಯದೇ ಆಯಿತು ಎಂದುಕೊಳ್ಳಲು ಮನಸ್ಸು ಎಳೆಯಿತು. ಅದು ಸುಳ್ಳು. ತಾವಾಗಿ ಹೇಳಬೇಕು ಎಂದು ತಮ್ಮ ಕಾದಿದ್ದ. ಅವರ ಕೈಯಿಂದ ಆ ಮಾತನ್ನು ನಾನು ಮೊದಲೇ ಕಿತ್ತುಕೊಂಡಿದ್ದೆ. ಆಯಿಯ ಮೊಮ್ಮಗನ ಹಾಸ್ಟೆಲ್ಲಿನ ಚಿಂತೆ ಇವತ್ತಿಗೂ ಮುಗಿದಿಲ್ಲ.

ಓಟಿನ ದಿನ ಬೆಳಿಗ್ಗೆ ಏಳಕ್ಕೇ ಶಾಲೆಯ ಮುಂದೆ ಸಾಲು. ತಮ್ಮನ ಕಡೆಯವರು ಎಲ್ಲರೂ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಒಟ್ಟಿಗೇ ಬಂದರು. ಹಿಂದೆಲ್ಲ ಇಬ್ಬಿಬ್ಬರಾಗಿ ಬಂದು ಹೋಗುತ್ತಿದ್ದರು. ಗಂಡಸರ ಸಾಲಿನಲ್ಲಿ ತಮ್ಮನ ಹಿಂದೆ ಸಿದ್ದಾಪುರದವರು ನಿಂತು ಏನೋ ಚಾಷ್ಟಿ ಮಾಡಿ ನಗಿಸುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿದ್ದೆ. ನನ್ನ ಮುಂದೆ ಬಂದು ಸೇರಿದವರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಆ ಹುಡುಗಿ, ಅವಳ ಅತ್ತೆ. ಮನೆಯ ಒಂದು ಓಟೂ ತಪ್ಪಬಾರದಲ್ಲ, ಅದಕ್ಕೆ ಹೊರಗೆ ಕರೆತಂದಿದ್ದರು. ಹುಡುಗಿ ಸೊರಗಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಅತ್ತೆ ಮಾತ್ರ ಪೂರಾ ತಿರುಗಿ ನಿಂತರು.

"ಏನ್ರಿ, ಸಂಡಗಿ ಆದುವೇನು?"

ಸಾಲಿನಲ್ಲಿ ಇಬ್ಬರು ಕಿಸಕ್ಕೆಂದರು.

"ಖರೇ ಹೇಳ್ರಿ," ಎಂದರು ಅವರು. "ನಮ್ಮ ಸಣ್ಣ ಮಗ, ನಮ್ಮ ಹಿರೇಮಗ, ಎಲ್ಲಾರೂ ಒಂದೊಂದು ಹೇಳ್ತಾರ. ಇಕಿ ಬಾಯಿ ಬಿಡವಲ್ಲಳು. ಇಕಿ ನಿಮ್ಮ ಮನಿಗೆ ಬರ್ತಿದ್ಲೋ, ಅಲ್ಲಿಗೆ ಹೋಗ್ತಿದ್ಲೋ?"

ಎರಡು ಉತ್ತರ ನಾಲಗೆಯ ತುದಿಯಲ್ಲೇ ಇದ್ದವು. ನಮ್ಮ ಮನೆಗೇ ಬರುತ್ತಿದ್ದಳು ಎಂದು ಸುಳ್ಳು ಹೇಳಿ ಅವಳನ್ನು ಉಳಿಸಬಹುದಿತ್ತು. ಹೌದು ಅಲ್ಲಿಗೇ ಎಂದು ಖರೇ ಹೇಳಿ ನಾನು ಹಗುರಾಗಬಹುದಿತ್ತು. ಎರಡನ್ನೂ ನುಂಗಿದೆ.

"ಅದನ್ನ ನಾ ಹೇಳಂಗಿಲ್ರಿ. ಒಮ್ಮೆ ಹೇಳಿ ಕೆಡಿಸೀನಿ. ಆಕಿ ಇಲ್ಲೇ ಅದಾಳ, ಆಕಿನ್ನ ಕೇಳ್ರಿ."

ಸಾಲು ಎರಡು ಹೆಜ್ಜೆ ಸರಿಯಿತು. ಹುಡುಗಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ ಸುತ್ತುವುದನ್ನು ನಿಲ್ಲಿಸಿದಳು.

"ಪ್ರಾರ್ಥನಿಗೆ ಹೋಗ್ತಿದ್ನಿ ಅತ್ತಿ. ನಮ್ಮ ತವರ ಮನ್ಯಾಗೂ ಹೋಗ್ತೀವಿ. ಯಾರೂ ನನ್ನ ಏನೂ ಮಾಡಿಲ್ಲ. ಮುಂದೂ ಹೋಗ್ತೀನ್ರಿ."

ಇಡೀ ಸಾಲು ಕಿವಿಯಾಗಿತ್ತು. ನನಗೆ ಕೂಗಬೇಕೆನಿಸಿತು, ಕೈ ತಟ್ಟಬೇಕೆನಿಸಿತು. ಬಾಯಿಗೆ ಸೆರಗು ತುರುಕಿಕೊಂಡೆ. ಅತ್ತೆ ಸೊಸೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಈಗ ಬಯ್ಯುತ್ತಾರೆ, ಈಗ ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

"ಮತ್ತ ಐತಾರ ಅಡಗಿ ಯಾರು ಮಾಡ್ತಾರ?"

"ಮಾಡಿಟ್ಟ ಹೋಗ್ತೀನ್ರಿ."

"ರೊಟ್ಟಿ?"

"ರೊಟ್ಟೀನೂ."

"ಬಿಸಿ ಇರಬೇಕು," ಎಂದರು ಅತ್ತೆ, ಮುಂದೆ ತಿರುಗಿ. "ನಡಿ, ಸಾಲು ಸರೀತು."

ಇಷ್ಟು ನಡೆದದ್ದು. ಅವಳಿಗೆ ಮನೆಯಲ್ಲಿ ಇನ್ನೂ ಮಾತು ಕೇಳುವುದು ತಪ್ಪಿಲ್ಲ, ಮೈದುನ ಇನ್ನೂ ಮಾತಾಡಿಸುವುದಿಲ್ಲ. ಆದರೆ ಚುನಾವಣೆ ಮುಗಿದ ಮೊದಲ ಭಾನುವಾರ ತಮ್ಮ ಕೋಣೆಯ ಬೀಗ ತೆಗೆದಾಗ, ಯಾರ ಮನೆಯ ನೆಪವೂ ಹೇಳದೆ, ಓಣಿಯ ನಡುವೆ ನಡೆದುಕೊಂಡು ಅವಳು ಬಂದಳು. ತಡವಾಗಿ ಬಂದಳು; ರೊಟ್ಟಿ ಬಡಿದು ಬರಬೇಕಿತ್ತು. ನಾನು ಚಹಾ ಕೊಟ್ಟೆ. ತೆಗೆದುಕೊಂಡಳು. ಕೂದಲಿನ ಕೆಲಸದಲ್ಲಿ ಮಾತ್ರ ಈಗ ನನ್ನ ಮಗ್ಗುಲಲ್ಲಿ ಕೂರುವುದಿಲ್ಲ, ಮೂರು ಮಂದಿ ಆಚೆ ಕೂರುತ್ತಾಳೆ. ಹತ್ತಿರ ಬಾ ಎಂದು ನಾನು ಕರೆದಿಲ್ಲ. ಬರಬೇಕೆನಿಸಿದರೆ ಅವಳೇ ಬರಲಿ.